ಹಮಾಸ್ ಕೈಗೆ ಬಂದ ನಗರಸಭೆಗಳು: ನಳ, ಗಟಾರ, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಒಂದು ಸೇವಾ ವಿಮರ್ಶೆ

ಕಲಬುರಗಿಯ ಚಹಾ ಅಂಗಡಿಯಲ್ಲಿ ಪ್ಯಾಲೆಸ್ತೀನಿನ ಮಾತು ಬಂದರೆ ಯುದ್ಧ, ಗಡಿ, ಧರ್ಮದ ಸುತ್ತಲೇ ಸುತ್ತುತ್ತದೆ. ಅಲ್ಲಿನ ಗಟಾರದ ಮಾತು ಯಾರೂ ಎತ್ತುವುದಿಲ್ಲ. ಆದರೆ ಹಮಾಸ್ ಮತ ಪಡೆದು ಮೊದಲು ಕುರ್ಚಿ ಹಿಡಿದದ್ದು ನಗರಸಭೆಗಳಲ್ಲೇ. 2004ರ ಡಿಸೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ನಾಲ್ಕು ಹಂತಗಳಲ್ಲಿ ಸ್ಥಳೀಯ ಚುನಾವಣೆ ನಡೆಯಿತು. ಪ್ಯಾಲೆಸ್ತೀನಿನ ಎರಡು ಭಾಗಗಳಲ್ಲಿ (ಇನ್ನೊಂದು ಗಾಜಾ) ಒಂದಾದ ವೆಸ್ಟ್ ಬ್ಯಾಂಕಿನ ಜನ ಅದಕ್ಕೂ ಹಿಂದೆ ನಗರಸಭೆಗೆ ಮತ ಹಾಕಿದ್ದು 1976ರಲ್ಲಿ. ಹೀಗೆ ಬಂದ ಆಡಳಿತ ಊರಿಗೆ ಎಂಥ ಸೇವೆ ಕೊಟ್ಟಿತು ಎಂಬುದಷ್ಟೇ ಇಲ್ಲಿನ ವಿಷಯ. ನಮ್ಮ ಪಾಲಿಕೆಯನ್ನು ಯಾವ ಅಳತೆಯಿಂದ ಅಳೆಯುತ್ತೇವೋ ಅದೇ ಅಳತೆ ಅದಕ್ಕೂ. ನಾಗರಿಕರ ಮೇಲೆ ಹಮಾಸ್ ನಡೆಸಿದ ಆತ್ಮಾಹುತಿ ದಾಳಿಗಳನ್ನು ಯಾವ ಒಳ್ಳೆಯ ಗಟಾರವೂ ತೊಳೆಯಲಾರದು. ಆ ದಾಳಿಗಳ ಹೊರೆ ನಗರಸಭೆಯ ಖಾತೆಯ ಮೇಲೂ ಹೇಗೆ ಬಿತ್ತೆಂಬುದು ಮುಂದೆ ಬರುತ್ತದೆ.

ಮೊದಲು ಖಲ್ಕಿಲ್ಯಾ. ವೆಸ್ಟ್ ಬ್ಯಾಂಕಿನಲ್ಲಿ ಆಗ ಸುಮಾರು 40,000 ಜನರಿದ್ದ ಊರು, ನಮ್ಮ ಶಹಾಬಾದಿಗಿಂತ ತುಸು ಚಿಕ್ಕದು. ಸುತ್ತಲೂ ಇಸ್ರೇಲ್ ಕಟ್ಟಿದ ತಡೆಗೋಡೆ. 2005ರ ಮೇ ತಿಂಗಳಲ್ಲಿ ಇಲ್ಲಿನ 15 ಸ್ಥಾನಗಳಿಗೆ 15ನ್ನೂ ಹಮಾಸ್ ಗೆದ್ದಿತು. ಈ ಸಂಖ್ಯೆ ನೋಡಿ ಊರೆಲ್ಲ ಅವರ ಕಡೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಆ ಹಂತದಲ್ಲಿ ಒಬ್ಬ ಮತದಾರ ಇರುವ ಸ್ಥಾನಗಳಷ್ಟೂ ಹೆಸರುಗಳಿಗೆ ಗುರುತು ಹಾಕಬಹುದಿತ್ತು. ಶಿಸ್ತಿನ ಒಂದು ಪಟ್ಟಿ ಎದುರಾಳಿಗಿಂತ ಸ್ವಲ್ಪವೇ ಮುಂದಿದ್ದರೂ ಎಲ್ಲ ಸ್ಥಾನ ಬಾಚಿಕೊಳ್ಳುವ ಪದ್ಧತಿ ಅದು. 2005ರ ಹೊಸ ಕಾನೂನು ಬಂದ ಮೇಲೆ ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ, ಕನಿಷ್ಠ ಶೇ 8 ಮತ ಬೇಕು ಎಂಬ ನಿಯಮ ಬಂತು. ವಿರೋಧ ಪಕ್ಷದ ಒಬ್ಬ ಸದಸ್ಯನೂ ಇಲ್ಲದ ಸಭೆಯಲ್ಲಿ ಟೆಂಡರ್ ಕಡತ ಕೇಳುವವರು ಯಾರು? ಖಲ್ಕಿಲ್ಯಾದ ಮೊದಲ ಕೊರತೆ ಇದು. ಅದನ್ನು ತಂದದ್ದು ಗೆದ್ದವರಲ್ಲ, ಚುನಾವಣಾ ಪದ್ಧತಿ.

ಇನ್ನು ಹಣದ ವಿಷಯ. ಇದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಸೇವೆ ಎಲ್ಲಿ ಕೆಟ್ಟಿತು ಎಂಬುದು ಇಲ್ಲೇ ತಿಳಿಯುತ್ತದೆ.

ನಮ್ಮಲ್ಲಿ ಮನೆಗೆ ಕರೆಂಟ್ ಮಾರುವುದು ಜೆಸ್ಕಾಂ. ಬೀದಿದೀಪಕ್ಕೂ ನೀರಿನ ಪಂಪಿಗೂ ಪಾಲಿಕೆ ಒಬ್ಬ ಗ್ರಾಹಕ, ಅಷ್ಟೇ. ನಾಬ್ಲಸ್, ಖಲ್ಕಿಲ್ಯಾದಂಥ ಊರುಗಳಲ್ಲಿ ಆಗ ವ್ಯವಸ್ಥೆ ಬೇರೆ ಇತ್ತು. ನಗರಸಭೆಯೇ ಇಸ್ರೇಲ್ ಎಲೆಕ್ಟ್ರಿಕ್ ಕಾರ್ಪೊರೇಷನ್‌ನಿಂದ ಸಗಟಾಗಿ ಕರೆಂಟ್ ಕೊಂಡು, ತನ್ನ ತಂತಿಯಲ್ಲಿ ಹರಿಸಿ, ಮನೆಮನೆಗೆ ಚಿಲ್ಲರೆಯಾಗಿ ಮಾರುತ್ತಿತ್ತು. ಕೊಂಡ ದರಕ್ಕೂ ಮಾರಿದ ದರಕ್ಕೂ ನಡುವೆ ಉಳಿಯುವುದೇ ಊರಿನ ನಿಜವಾದ ಆದಾಯ. ಕಚರಾ ಗಾಡಿಯ ಡೀಸೆಲ್, ಪೌರಕಾರ್ಮಿಕರ ಪಗಾರ, ರಸ್ತೆಯ ಡಾಂಬರು ಎಲ್ಲವೂ ಬಹುಮಟ್ಟಿಗೆ ಈ ಉಳಿಕೆಯಿಂದಲೇ. ಆಸ್ತಿ ತೆರಿಗೆಯನ್ನು ವಸೂಲಿ ಮಾಡುವುದು ಅಲ್ಲಿನ ಹಣಕಾಸು ಇಲಾಖೆ. ವಸೂಲಿ ಖರ್ಚೆಂದು ಶೇ 10 ಹಿಡಿದುಕೊಂಡು ಶೇ 90 ಕೊಡಬೇಕು, ಅದೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಹಾಗಾಗಿ ಮೇಯರ್ ಕೈಯಲ್ಲಿ ದಿನಾ ಕಾಣುವ ಕಾಸು ಎಂದರೆ ಕರೆಂಟ್ ಬಿಲ್ಲಿನದ್ದೇ.

ಮನೆಯವರು ಬಿಲ್ ಕಟ್ಟದಿದ್ದರೆ ನಗರಸಭೆ ಇಸ್ರೇಲಿ ಕಂಪನಿಗೆ ಬಾಕಿ ಉಳಿಸುತ್ತದೆ. ಕಂಪನಿಗೆ ಚಿಂತೆಯಿಲ್ಲ. 1994ರ ಪ್ಯಾರಿಸ್ ಒಪ್ಪಂದದಂತೆ ಪ್ಯಾಲೆಸ್ತೀನಿಗೆ ಬರುವ ಸರಕಿನ ಸುಂಕ ಮತ್ತು ವ್ಯಾಟ್ ಅನ್ನು ಇಸ್ರೇಲೇ ವಸೂಲಿ ಮಾಡಿ, ಶೇ 3 ಶುಲ್ಕ ಹಿಡಿದು, ಪ್ರತಿ ತಿಂಗಳು ಪ್ಯಾಲೆಸ್ತೀನ್ ಪ್ರಾಧಿಕಾರಕ್ಕೆ (ಅಲ್ಲಿನ ಸೀಮಿತ ಅಧಿಕಾರದ ಸರ್ಕಾರ) ಕಳಿಸಬೇಕು. ಊರುಗಳ ಕರೆಂಟ್, ನೀರಿನ ಬಾಕಿಯನ್ನು ಅಲ್ಲೇ ಮುರಿದುಕೊಳ್ಳುತ್ತದೆ. ನಮ್ಮಲ್ಲಿ ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗದ) ಅನುದಾನದ ವಿದ್ಯುತ್ ಪಾಲು ಊರಿನ ಖಾತೆ ಮುಟ್ಟುವ ಮೊದಲೇ ಕಂಪನಿಗೆ ಸಂದಾಯವಾಗುವುದನ್ನು ಬಲ್ಲವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ವ್ಯತ್ಯಾಸವಿಷ್ಟೇ: ಅಲ್ಲಿ ಮುರಿದುಕೊಳ್ಳುವ ಕೈ ಇನ್ನೊಂದು ದೇಶದ್ದು. ಊರಿನ ಸಾಲ ರಾಜಧಾನಿಯ ತಲೆಗೆ, ರಾಜಧಾನಿಯ ಸಿಟ್ಟು ಊರಿನ ತಲೆಗೆ.

2006ರ ಜನವರಿ 25ರಂದು ಹಮಾಸ್ ಪ್ಯಾಲೆಸ್ತೀನ್ ಶಾಸನಸಭೆಯ 132ರಲ್ಲಿ 74 ಸ್ಥಾನ ಗೆದ್ದಿತು. ನಗರಸಭೆಗಳ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ. ಹಿಂಸೆ ಬಿಡಬೇಕು, ಇಸ್ರೇಲನ್ನು ಮಾನ್ಯ ಮಾಡಬೇಕು, ಹಿಂದಿನ ಒಪ್ಪಂದಗಳನ್ನು ಒಪ್ಪಬೇಕು ಎಂದು ಅಮೆರಿಕ, ಯುರೋಪ್ ಒಕ್ಕೂಟ, ರಷ್ಯಾ, ವಿಶ್ವಸಂಸ್ಥೆ ಸೇರಿ ಮೂರು ಷರತ್ತು ಹಾಕಿದವು. ಹಮಾಸ್ ಒಪ್ಪಲಿಲ್ಲ. ಇಸ್ರೇಲ್ ತೆರಿಗೆ ಹಣ ತಡೆಹಿಡಿಯಿತು. ಸುಮಾರು 1.6 ಲಕ್ಷ ಸರ್ಕಾರಿ ನೌಕರರಿಗೆ ಪಗಾರ ನಿಂತಿತು. ಪಗಾರ ಬಾರದ ಮಾಸ್ತರರ ಮನೆಗೆ ಬಿಲ್ ಕಲೆಕ್ಟರ್ ಹೋದರೆ ಏನು ಸಿಗುತ್ತದೆ? ಕಟ್ಟಲಾರದವರ ಜೊತೆ ಕಟ್ಟಬಲ್ಲವರೂ ಕೈ ಬಿಗಿ ಹಿಡಿದರು. ನೆರವು ನೀಡುವ ದೇಶಗಳು ಬೇರೆ ಹಿಂದೆ ಸರಿದವು. ಅಮೆರಿಕ 1997ರಲ್ಲೇ ಹಮಾಸನ್ನು ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಿತ್ತು, ಯುರೋಪ್ ಒಕ್ಕೂಟ 2003ರಲ್ಲಿ. ಹಮಾಸ್ ಮೇಯರ್ ಸಹಿ ಹಾಕುವ ಊರಿಗೆ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಹಣದಿಂದ ಒಂದು ಪೈಪು ಹಾಕುವುದೂ ಕಾನೂನಿನ ತೊಡಕಾಯಿತು. ಅಂದರೆ ಸಂಘಟನೆ ಬಂದೂಕು ಬಿಡದಿದ್ದುದರ ದಂಡವನ್ನು ಊರಿನ ಮ್ಯಾನ್‌ಹೋಲ್ ಕಟ್ಟಿತು. ಆ ಆಯ್ಕೆ ಹಮಾಸ್ ನಾಯಕರದ್ದೇ. ಈ ಅಂಕ ಅವರಿಗೇ ಕಳೆಯಬೇಕು.

ವಸೂಲಿಗೆ ಒಂದು ಮದ್ದಿದೆ, ಪ್ರೀಪೇಯ್ಡ್ ಮೀಟರ್. ದುಡ್ಡು ತುಂಬಿಸಿದಷ್ಟು ಕರೆಂಟ್. ಕೆಲವು ನಗರಸಭೆಗಳು ಒಂದು ಹೆಜ್ಜೆ ಮುಂದೆ ಹೋಗಿ, ರೀಚಾರ್ಜಿಗೆ ಬಂದವರ ಹಳೆಯ ನೀರು-ಕಚರಾ ಬಾಕಿಯಲ್ಲೂ ಒಂದು ಕಂತು ಮುರಿದುಕೊಂಡವು. ವಸೂಲಿ ಏರುವುದು ಖಂಡಿತ, ಆದರೆ ಬಡವನ ಮನೆ ಮೊದಲು ಕತ್ತಲಾಗುತ್ತದೆ. ದಾನಧರ್ಮ, ಉಚಿತ ದವಾಖಾನೆಗಳಿಂದ ಹೆಸರು ಮಾಡಿದ ಸಂಘಟನೆಗೆ ಬಡವರ ಕರೆಂಟ್ ಕಡಿಯುವ ಕೆಲಸ ಎಷ್ಟು ಕಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ. ದಾನಿಯಾಗಿ ಗಳಿಸಿದ ಪ್ರೀತಿ ಬಿಲ್ ಕಲೆಕ್ಟರಾದ ದಿನ ಕರಗತೊಡಗುತ್ತದೆ.

ಕೈ ಶುದ್ಧಿಯ ವಿಷಯದಲ್ಲಿ ಮಾತ್ರ ಅಂಕ ಕೊಡಲೇಬೇಕು. ಮೊದಲು ಅಧಿಕಾರದಲ್ಲಿದ್ದ ಎದುರಾಳಿ ಪಕ್ಷ ಫತಾಹ್ ಕಾಲದ ಭ್ರಷ್ಟಾಚಾರ, ನಂಟರಿಗೆ ನೌಕರಿ ಕೊಡುವ ಚಾಳಿಗೆ ಬೇಸತ್ತ ಜನ ಇವರಿಗೆ ಮತ ಹಾಕಿದ್ದರು. 2005ರ ಡಿಸೆಂಬರ್‌ನಲ್ಲಿ ನಾಬ್ಲಸ್‌ನ 15ರಲ್ಲಿ 13 ಸ್ಥಾನ ಹಮಾಸ್ ಪಟ್ಟಿಗೆ ಬಂದವು. ಮೇಯರ್ ಆದ ಅದ್ಲಿ ಯಈಶ್ ವಾಹನ ವ್ಯಾಪಾರಿ, ಪಕ್ಷದ ಭಾಷಣಕಾರರಲ್ಲ. ಪಟ್ಟಿಯಲ್ಲಿ ವೃತ್ತಿಪರರನ್ನು, ಸ್ವತಂತ್ರರನ್ನು ಕೂಡಿಸಿಕೊಂಡದ್ದು ಜಾಣತನ. ಬೆತ್ಲೆಹೆಮ್‌ನಲ್ಲಿ 15ರಲ್ಲಿ 8 ಸ್ಥಾನ ಕ್ರೈಸ್ತರಿಗೆ ಮೀಸಲು. ಅಲ್ಲಿ 5 ಸ್ಥಾನ ಪಡೆದ ಹಮಾಸ್ ಎಡಪಂಥೀಯರ ಬೆಂಬಲದ ಕ್ರೈಸ್ತ ಮೇಯರ್ ವಿಕ್ಟರ್ ಬಟಾರ್ಸೆ ಜೊತೆ ಕೆಲಸ ಮಾಡಿತು. ರಾಮಲ್ಲಾದಲ್ಲಿ ಇವರ 3 ಮತಗಳ ಬೆಂಬಲದಿಂದ ಜಾನೆಟ್ ಮಿಖಾಯಿಲ್ ಆ ನಗರದ ಮೊದಲ ಮಹಿಳಾ ಮೇಯರ್ ಆದರು. ಬಹುಮತ ಇಲ್ಲದ ಕಡೆ ಹಮಾಸ್ ಹೆಚ್ಚು ಬಾಗಿತು. ಅಲ್ಲಿನ ನಡವಳಿಕೆ ಖಲ್ಕಿಲ್ಯಾಗಿಂತ ಚೆನ್ನಾಗಿತ್ತು ಎಂದೇ ನಮ್ಮ ಅಭಿಪ್ರಾಯ.

ಖಲ್ಕಿಲ್ಯಾದ ಎಡವಟ್ಟು ಗಟಾರದಲ್ಲಿ ಆಗಲಿಲ್ಲ, ಮೈದಾನದಲ್ಲಿ ಆಯಿತು. 2005ರ ಬೇಸಿಗೆಯಲ್ಲಿ ಹಾಡು-ಕುಣಿತದ ಪ್ಯಾಲೆಸ್ತೀನ್ ಅಂತರರಾಷ್ಟ್ರೀಯ ಉತ್ಸವದ ಕಾರ್ಯಕ್ರಮಕ್ಕೆ ನಗರಸಭೆ ತನ್ನ ಊರಲ್ಲಿ ಅವಕಾಶ ಕೊಡಲಿಲ್ಲ. ಕಲಬುರಗಿಯವರಿಗೆ ಹೀಗೆ ಹೇಳಿದರೆ ಹೊಳೆಯುತ್ತದೆ: ಶರಣಬಸವೇಶ್ವರ ಜಾತ್ರೆಗೆ ಬರುವ ನಾಟಕ ಕಂಪನಿಗೆ ಡೇರೆ ಹಾಕಲು ಪಾಲಿಕೆ ಜಾಗ ಕೊಡುವುದಿಲ್ಲ ಎಂದರೆ ಊರು ಏನನ್ನೀತು? ಮೈದಾನದ ಪರವಾನಗಿ ನಗರಸಭೆಯ ಅತಿ ಸಣ್ಣ ಕೆಲಸ. ಅದಕ್ಕೆ ಹಣ ಬೇಡ, ಇಸ್ರೇಲಿನ ಅನುಮತಿಯೂ ಬೇಡ. ಪೂರ್ತಿ ತಮ್ಮ ಕೈಯಲ್ಲೇ ಇದ್ದ ಕೆಲಸದಲ್ಲಿ ಅವರು ಕೊಟ್ಟ ಉತ್ತರ ‘ಇಲ್ಲ’. ಎಂಟು ತಿಂಗಳ ಹಿಂದೆ 15ಕ್ಕೆ 15 ಕೊಟ್ಟ ಊರಿನ ಜಿಲ್ಲೆ 2006ರ ಶಾಸನಸಭೆ ಚುನಾವಣೆಯಲ್ಲಿ ತನ್ನ ಎರಡೂ ಸ್ಥಾನಗಳನ್ನು ಫತಾಹ್‌ಗೆ ಕೊಟ್ಟಿತು. ದೇಶದ ತುಂಬ ಹಮಾಸ್ ಅಲೆ ಎದ್ದಿದ್ದ ಹೊತ್ತಿನಲ್ಲಿ ಹೀಗಾಯಿತು ಎಂಬುದನ್ನು ಗಮನಿಸಿ.

ಹೊಲಸು ನೀರಿನ ವಿಷಯಕ್ಕೆ ಬಂದರೆ ದೋಷ ಹಂಚುವುದು ಇನ್ನೂ ಸೂಕ್ಷ್ಮ. ಶುದ್ಧೀಕರಣ ಘಟಕಕ್ಕೆ ಊರ ಹೊರಗೆ ಜಾಗ ಬೇಕು. ಆ ಜಾಗ ಬಹಳ ಕಡೆ 1995ರ ಓಸ್ಲೋ ಒಪ್ಪಂದದ ‘ಸಿ’ ವಲಯಕ್ಕೆ ಬರುತ್ತದೆ, ಅಲ್ಲಿ ಕಟ್ಟಲು ಇಸ್ರೇಲಿ ಆಡಳಿತದ ಪರವಾನಗಿ ಬೇಕು. ಜರ್ಮನಿಯ ನೆರವಿನ ಪಶ್ಚಿಮ ನಾಬ್ಲಸ್ ಘಟಕ ಹಲವು ವರ್ಷ ಕಾಗದದಲ್ಲೇ ಇದ್ದು 2013ರಲ್ಲಿ ನಡೆಯತೊಡಗಿತು. ಅಲ್ಲಿಯವರೆಗೆ ಹಳ್ಳದಲ್ಲಿ ಹರಿದು ಗಡಿ ದಾಟಿದ ಹೊಲಸನ್ನು ಇಸ್ರೇಲ್ ಶುದ್ಧ ಮಾಡಿ, ಖರ್ಚನ್ನು ಅದೇ ತೆರಿಗೆ ಹಣದಲ್ಲಿ ಮುರಿದುಕೊಂಡಿತು. ಈ ವಿಳಂಬದ ಅಂಕ ಯಾವ ಮೇಯರ್‌ಗೂ ಕಳೆಯುವಂತಿಲ್ಲ.

ಗಾಜಾದಲ್ಲಿ ಏನಾಯಿತೆಂದು ತಿಳಿಯಲು ಒಂದು ಪಂಪ್‌ಹೌಸ್ ಮುಂದೆ ನಿಲ್ಲಬೇಕು. ತಗ್ಗಿನ ಬಡಾವಣೆಯ ಹೊಲಸೆಲ್ಲ ಹರಿದು ಬಂದು ಒಂದು ಆಳದ ವೆಟ್‌ವೆಲ್‌ಗೆ ಬೀಳುತ್ತದೆ. ಮಟ್ಟ ಏರಿದಾಗ ಫ್ಲೋಟ್ ಸ್ವಿಚ್ ಪಂಪನ್ನು ಎಬ್ಬಿಸುತ್ತದೆ, ಪಂಪು ಹೊಲಸನ್ನು ಎತ್ತರದ ಪೈಪಿಗೆ ತಳ್ಳುತ್ತದೆ. ಬಾವಿಯ ಗಾತ್ರ ಚಿಕ್ಕದು, ಪಂಪು ಬಿಟ್ಟು ಬಿಟ್ಟು ದಿನವಿಡೀ ಓಡುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ್ದು. ಕರೆಂಟ್ ಹೋದರೆ ಡೀಸೆಲ್ ಜನರೇಟರ್. ಡೀಸೆಲ್ ಮುಗಿದರೆ ಬಾವಿ ತುಂಬಿ ಒಳಬರುವ ಪೈಪು ಹಿಮ್ಮೆಟ್ಟುತ್ತದೆ, ಅತಿ ತಗ್ಗಿನ ಬೀದಿಯ ಮ್ಯಾನ್‌ಹೋಲ್ ಮುಚ್ಚಳ ಮೊದಲು ಏಳುತ್ತದೆ. 2013ರ ನವೆಂಬರ್‌ನಲ್ಲಿ ಗಾಜಾ ನಗರದ ಝೈತೂನ್ ಬಡಾವಣೆಯಲ್ಲಿ ಆದದ್ದು ಇದೇ. ಇಂಧನವಿಲ್ಲದೆ ವಿದ್ಯುತ್ ಸ್ಥಾವರ ನಿಂತಿತ್ತು, ಪಂಪು ನಿಂತಿತು, ಬೀದಿಯಲ್ಲಿ ಹೊಲಸು ಹರಿಯಿತು. ಆ ಸ್ಥಾವರದ ಆರು ಟ್ರಾನ್ಸ್‌ಫಾರ್ಮರ್‌ಗಳನ್ನು 2006ರ ಜೂನ್‌ನಲ್ಲಿ, ಇಸ್ರೇಲಿ ಸೈನಿಕನೊಬ್ಬನನ್ನು ಗಾಜಾದ ಸಶಸ್ತ್ರ ಗುಂಪುಗಳು ಸೆರೆ ಹಿಡಿದ ಬೆನ್ನಿಗೆ, ಇಸ್ರೇಲ್ ಬಾಂಬು ಹಾಕಿ ಕೆಡವಿತ್ತು. 2007ರ ಜೂನ್‌ನಲ್ಲಿ ಹಮಾಸ್ ಫತಾಹ್ ಪಡೆಗಳನ್ನು ಬಲದಿಂದ ಹೊರದಬ್ಬಿದ ಮೇಲೆ ದಿಗ್ಬಂಧನ ಬಿಗಿಯಾಯಿತು. ಪೈಪು, ಪಂಪಿನ ಬಿಡಿಭಾಗ, ಸಿಮೆಂಟು ಒಳಬರಲು ತಿಂಗಳುಗಟ್ಟಲೆ ಕಾಯಬೇಕಾಯಿತು.

ಗಾಜಾದ ಸೇವೆಗೆ ಅಂಕ ಕೊಡಲು ಇನ್ನೊಂದು ಅಡ್ಡಿ. ಅಲ್ಲಿನ ಮೇಯರ್‌ಗಳನ್ನು ಆ ಮೇಲೆ ಹಮಾಸ್ ನೇಮಿಸತೊಡಗಿತು. ಬಿಲ್ ಕಟ್ಟುವವನಿಗೆ ಮತ ಇಲ್ಲದಿದ್ದರೆ ದೂರು ಎಲ್ಲಿ ದಾಖಲಾಗಬೇಕು? ನಮ್ಮ ಪಾಲಿಕೆಗೆ 2021ರ ಸೆಪ್ಟೆಂಬರ್‌ನಲ್ಲಿ ಚುನಾವಣೆ ಮುಗಿದರೂ ಮೇಯರ್ ಆಯ್ಕೆ 2023ರ ಮಾರ್ಚ್‌ವರೆಗೆ ಎಳೆಯಿತು. ಚುನಾಯಿತರು ಕುರ್ಚಿಯಲ್ಲಿ ಇಲ್ಲದ ಊರಿನಲ್ಲಿ ವಾರ್ಡಿನ ಒಂದು ಸಣ್ಣ ದೂರಿಗೂ ವಾರಸುದಾರರು ಸಿಗುವುದಿಲ್ಲ ಎಂಬುದು ಇಲ್ಲಿನವರಿಗೆ ಗೊತ್ತಿರುವ ಮಾತು. ಅದನ್ನು ಹಲವು ಪಟ್ಟು ಹೆಚ್ಚಿಸಿ ನೋಡಿ.

ವೆಸ್ಟ್ ಬ್ಯಾಂಕಿನಲ್ಲಿ ಮತ ಇತ್ತು, ಆದರೆ ಮತ ಪಡೆದವರೇ ಕಚೇರಿಯಲ್ಲಿ ಉಳಿಯಲಿಲ್ಲ. ಖಲ್ಕಿಲ್ಯಾದ ಮೇಯರ್ ವಜೀಹ್ ಕವ್ವಾಸ್ ಗೆದ್ದಾಗಲೇ ಇಸ್ರೇಲಿ ಜೈಲಿನಲ್ಲಿದ್ದರು, ಉಪಮೇಯರ್ ಕೆಲಸ ನಡೆಸಿದರು. 2007ರ ಮೇ ತಿಂಗಳಲ್ಲಿ ಇಸ್ರೇಲ್ ಸೈನ್ಯ ಒಂದೇ ರಾತ್ರಿಯಲ್ಲಿ 30ಕ್ಕೂ ಹೆಚ್ಚು ಹಮಾಸ್ ಮುಖಂಡರನ್ನು ಹಿಡಿದಾಗ ಅದ್ಲಿ ಯಈಶ್ ಕೂಡ ಅವರಲ್ಲಿದ್ದರು. ಚೆಕ್ಕಿಗೆ ಸಹಿ ಹಾಕುವವರಿಲ್ಲ, ಟೆಂಡರ್ ಸಮಿತಿಗೆ ಕೋರಂ ಇಲ್ಲ ಎಂದರೆ ಕಚರಾ ಗಾಡಿಯ ಟಯರೂ ಬದಲಾಗುವುದಿಲ್ಲ. 2009ರಲ್ಲಿ ಕವ್ವಾಸ್ ಅವರನ್ನು ಪ್ರಾಧಿಕಾರವೇ ಮೇಯರ್ ಸ್ಥಾನದಿಂದ ತೆಗೆಯಿತು.

ನಮ್ಮ ಅಂಕಗಳು 5ಕ್ಕೆ ಹೀಗಿವೆ. ಕೈ ಶುದ್ಧಿಗೆ 4. ಬೇರೆಯವರ ಜೊತೆ ಕೂಡಿ ನಡೆಯುವುದಕ್ಕೆ ಬೆತ್ಲೆಹೆಮ್, ರಾಮಲ್ಲಾದಲ್ಲಿ 3, ಖಲ್ಕಿಲ್ಯಾದಲ್ಲಿ 1. ಹಣ ತರುವುದಕ್ಕೆ 1, ಇದರಲ್ಲಿ ಅರ್ಧ ತಪ್ಪು ಹೊರಗಿನವರದ್ದು. ಹೊಲಸು ನೀರಿಗೆ ಅಂಕ ಕೊಟ್ಟಿಲ್ಲ, ಏಕೆಂದರೆ ಪಂಪು, ಕರೆಂಟ್, ಪರವಾನಗಿ ಮೂರೂ ಅವರ ಕೈಯಲ್ಲಿ ಒಟ್ಟಿಗೆ ಎಂದೂ ಇರಲಿಲ್ಲ. ಗಾಜಾದಲ್ಲಿ ಜನರಿಗೆ ಲೆಕ್ಕ ಒಪ್ಪಿಸಿದ್ದಕ್ಕೆ 0. ಸೇವೆ ಹೇಗಿತ್ತೆಂಬ ಪ್ರಶ್ನೆಯನ್ನು ಬಳಕೆದಾರರಿಗೇ ಕೇಳುವ ಸಂದರ್ಭ 2012ರಲ್ಲಿ ಬಂದಿತ್ತು. ಆ ವರ್ಷದ ಸ್ಥಳೀಯ ಚುನಾವಣೆ ವೆಸ್ಟ್ ಬ್ಯಾಂಕಿನಲ್ಲಷ್ಟೇ ನಡೆಯಿತು, ಹಮಾಸ್ ಅದನ್ನು ಬಹಿಷ್ಕರಿಸಿತು, ಗಾಜಾದಲ್ಲಿ ಮತಪೆಟ್ಟಿಗೆ ತೆರೆಯಲೇ ಇಲ್ಲ.