ನೆಟ್ಟಿನಲ್ಲಿರುವ ಮನೆ ವಿಳಾಸ, ಮೊಬೈಲ್ ನಂಬರ್ ತೆಗೆಸುವುದು: ಗೂಗಲ್‌ನ ಅರ್ಜಿ ಫಾರ್ಮ್ ಮತ್ತು ಟ್ರೂಕಾಲರ್ ಅನ್‌ಲಿಸ್ಟಿಂಗ್, ಬಹುಕಾಲದ ಬಳಕೆಯ ವಿಮರ್ಶೆ

ಹುಬ್ಬಳ್ಳಿ-ಧಾರವಾಡದಲ್ಲಿರುವವರಿಗೆ ಮೊದಲೇ ಹೇಳಿಬಿಡುವ ಮಾತು: ವರ್ಷಕ್ಕಿಷ್ಟು ಡಾಲರ್ ಎಂದು ಹಣ ಪಡೆದು 'ನಿಮ್ಮ ಮಾಹಿತಿ ಅಳಿಸಿಕೊಡುತ್ತೇವೆ' ಎನ್ನುವ ಸೇವೆಗಳಿಗೆ ಇಲ್ಲಿ ಕುಳಿತು ದುಡ್ಡು ಕಟ್ಟಬೇಡಿ. ಆ ಸೇವೆಗಳು ಮುಖ್ಯವಾಗಿ ಅಮೆರಿಕದ ತಾಣಗಳ ಪಟ್ಟಿ ಹಿಡಿದು ಕೆಲಸ ಮಾಡುತ್ತವೆ. ಹೆಸರು ಹಾಕಿದರೆ ವಯಸ್ಸು, ಹಳೇ ವಿಳಾಸ, ಸಂಬಂಧಿಕರ ಹೆಸರು ತೋರಿಸುವ ತಾಣಗಳವು. ಕೇಶ್ವಾಪುರದ ಮನೆ ವಿಳಾಸ ಅಲ್ಲಿ ಸಿಗುವುದು ಅಪರೂಪ. ನಮ್ಮ ಮಾಹಿತಿ ಸಿಗುವ ಜಾಗಗಳೇ ಬೇರೆ: ಕರೆ ಮಾಡಿದವರ ಹೆಸರು ತೋರಿಸುವ ಟ್ರೂಕಾಲರ್‌ನಂಥ ಕಾಲರ್ ಐಡಿ ಆ್ಯಪ್, ಅಂಗಡಿ-ವ್ಯಾಪಾರದ ಡೈರೆಕ್ಟರಿಗಳು, ಕಂಪನಿ ಮತ್ತು ಜಿಎಸ್‌ಟಿ ಮಾಹಿತಿಯನ್ನು ನಕಲು ಮಾಡಿಟ್ಟುಕೊಂಡ ತಾಣಗಳು, ಕಾಲೇಜು-ಸಂಘಸಂಸ್ಥೆಗಳು ಏರಿಸಿ ಮರೆತ ಪಿಡಿಎಫ್‌ಗಳು. ಇವುಗಳಿಗೆ ಬೇಕಾದ ಸಾಧನಗಳೆಲ್ಲ ಉಚಿತ. ಬಳಸುವ ಕ್ರಮ ತಪ್ಪಿದರೆ ಮಾತ್ರ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

ಕ್ರಮ ಇಷ್ಟೇ: ಮೊದಲು ಮಾಹಿತಿ ಇರುವ ಮೂಲ ಪುಟ, ಆಮೇಲೆ ಗೂಗಲ್. ಗೂಗಲ್ ತೆಗೆಯುವುದು ತನ್ನ ಹುಡುಕಾಟದ ಫಲಿತಾಂಶದಿಂದ ಮಾತ್ರ. ಪುಟ ಇದ್ದಲ್ಲೇ ಇರುತ್ತದೆ, ಬಿಂಗ್‌ನಲ್ಲಿ ಕಾಣುತ್ತಲೇ ಇರುತ್ತದೆ, ಲಿಂಕ್ ಇದ್ದವರು ತೆರೆಯುತ್ತಲೇ ಇರುತ್ತಾರೆ. ಬಿಂಗ್‌ಗೆ ಬೇರೆಯೇ ಫಾರ್ಮ್ ತುಂಬಬೇಕು.

ಅದಕ್ಕೂ ಮುಂಚೆ, ಏನೇನು ಹೊರಗಿದೆ ಎಂದು ಸರಿಯಾಗಿ ಹುಡುಕಬೇಕು. ಬಹಳ ಜನ ತಮ್ಮ ಹೆಸರನ್ನು ಒಮ್ಮೆ ಟೈಪ್ ಮಾಡಿ, ಏನೂ ಸಿಗಲಿಲ್ಲ ಎಂದು ಬಿಟ್ಟುಬಿಡುತ್ತಾರೆ. ನಮ್ಮ ಕಡೆಯ ಹೆಸರುಗಳು ಹಾಗೆ ಸಿಗುವುದಿಲ್ಲ. ಸ್ವಂತ ಹೆಸರು, ತಂದೆ ಹೆಸರು, ಅಡ್ಡಹೆಸರು ಈ ಮೂರೂ ಒಂದೊಂದು ಕಾಗದದಲ್ಲಿ ಒಂದೊಂದು ಕ್ರಮದಲ್ಲಿರುತ್ತವೆ. ಒಂದು ಕಡೆ ತಂದೆ ಹೆಸರು ಬರೀ ಇನಿಶಿಯಲ್, ಇನ್ನೊಂದು ಕಡೆ ಪಾಟೀಲ, ಅಂಗಡಿ, ಹಿರೇಮಠ ಮೊದಲಿಗೇ ಬಂದಿರುತ್ತದೆ. ಇಂಗ್ಲಿಷ್ ಸ್ಪೆಲಿಂಗ್ ಕೂಡ ಎರಡು-ಮೂರು ಬಗೆ. ಊರಿನ ಹೆಸರಿನದೂ ಅದೇ ಕಥೆ. 2014ರ ನವೆಂಬರ್ 1ರಂದು ಹುಬ್ಳಿ ಅಧಿಕೃತವಾಗಿ ಹುಬ್ಬಳ್ಳಿ ಆಯಿತು. ಹಳೇ ಪುಟಗಳಲ್ಲಿ ಹಳೇ ಸ್ಪೆಲಿಂಗೇ ಉಳಿದಿದೆ, ಹೊಸ ಪುಟಗಳಲ್ಲಿಯೂ ಎರಡೂ ಇವೆ. ಎರಡನ್ನೂ ಹಾಕಿ ಹುಡುಕಿ.

ಹೆಸರಿಗಿಂತ ಮೊಬೈಲ್ ನಂಬರ್‌ನಿಂದ ಹುಡುಕಿದರೆ ಹೆಚ್ಚು ಸಿಗುತ್ತದೆ. ಉದ್ಧರಣ ಚಿಹ್ನೆಯ ಒಳಗೆ 10 ಅಂಕಿ ಒಟ್ಟಿಗೆ, ನಂತರ 5-5 ಆಗಿ ಬಿಡಿಸಿ, ಮುಂದೆ 0 ಸೇರಿಸಿ, 91 ಸೇರಿಸಿ, ಹೀಗೆ ನಾಲ್ಕು ಸಲ ಹುಡುಕಬೇಕು. ಲ್ಯಾಂಡ್‌ಲೈನ್ ಆದರೆ 0836 ಇಟ್ಟು ಒಮ್ಮೆ, ಬಿಟ್ಟು ಒಮ್ಮೆ. ಗದಗದವರಿಗೆ 08372, ಹಾವೇರಿಯವರಿಗೆ 08375. ಕನ್ನಡ ಪಿಡಿಎಫ್‌ಗಳಿಗೆ ಇದು ಇನ್ನೂ ಮುಖ್ಯ. ಯೂನಿಕೋಡ್ ಅಲ್ಲದ ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪುಟದಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಹೆಸರನ್ನು ಕನ್ನಡದಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಆದರೆ ಅದರೊಳಗಿನ ಫೋನ್ ನಂಬರ್ ಸಿಕ್ಕೇ ಸಿಗುತ್ತದೆ. ಸಮಾಜದ ವಧು-ವರರ ಪುಸ್ತಕ, ಹಳೇ ವಿದ್ಯಾರ್ಥಿಗಳ ಸ್ಮರಣ ಸಂಚಿಕೆ, ಸೊಸೈಟಿ ಸದಸ್ಯರ ಪಟ್ಟಿ ಇಂಥವೆಲ್ಲ ಹೊರಬೀಳುವುದು ಹೀಗೆ. ಜನ್ಮದಿನಾಂಕ, ಗೋತ್ರ, ಮನೆ ವಿಳಾಸ, ತಂದೆಯ ಮೊಬೈಲ್ ಒಂದೇ ಸಾಲಿನಲ್ಲಿ ಸಿಗುವುದು ಇಂಥ ಪುಸ್ತಕಗಳಲ್ಲಿ. ಮೋಸಗಾರನ ಕೈಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಹಾಗಾಗಿ ಮೊದಲು ತೆಗೆಸಬೇಕಾದದ್ದು ಇವನ್ನೇ.

ಪಿಡಿಎಫ್ ತೆಗೆಸುವಾಗ ಎಡವಟ್ಟಾಗುವುದು ಒಂದೇ ಕಡೆ. ಸಂಸ್ಥೆಯವರಿಗೆ ಹೇಳಿದರೆ 'ತೆಗೆದೇವ್ರೀ' ಎನ್ನುತ್ತಾರೆ, ಪುಟದಲ್ಲಿ ಲಿಂಕ್ ಕಾಣೆಯಾಗಿರುತ್ತದೆ. ಆದರೆ ಸರ್ವರ್‌ನ ಅಪ್‌ಲೋಡ್ ಫೋಲ್ಡರ್‌ನಲ್ಲಿ ಫೈಲ್ ಹಾಗೇ ಇರುತ್ತದೆ. ವರ್ಡ್‌ಪ್ರೆಸ್ ಸೈಟ್‌ಗಳಲ್ಲಿ ಇದು ದಿನನಿತ್ಯದ ಮಾತು. ಪುಟದಿಂದ ತೆಗೆದರೆ ಸಾಲದು, ಮೀಡಿಯಾ ಲೈಬ್ರರಿಗೆ ಹೋಗಿ ಫೈಲನ್ನೇ ಅಳಿಸಬೇಕು. ಆದ್ದರಿಂದ ಪತ್ರದಲ್ಲಿ ಪುಟದ ವಿಳಾಸ ಕೊಡಬೇಡಿ. ಕೊನೆಯಲ್ಲಿ 'ಡಾಟ್ ಪಿಡಿಎಫ್' ಇರುವ ಫೈಲಿನ ಪೂರ್ತಿ ವಿಳಾಸ ಕೊಟ್ಟು, ಅದನ್ನು ತೆರೆದರೆ 404 (ಫೈಲ್ ಇಲ್ಲ ಎಂಬ ಸಂದೇಶ) ಬರುವಂತೆ ಮಾಡಿ ಎಂದು ಬರೆಯಿರಿ. ಸೈಟ್ ಮಾಡಿಕೊಟ್ಟ ಹುಡುಗ 'ರೋಬೋಟ್ಸ್ ಡಾಟ್ ಟಿಎಕ್ಸ್‌ಟಿಯಲ್ಲಿ ಬ್ಲಾಕ್ ಮಾಡೇನಿ' ಎಂದರೆ ಒಪ್ಪಬೇಡಿ. ಅದು ಗೂಗಲ್‌ಗೆ ಫೈಲ್ ಓದಬೇಡ ಎನ್ನುತ್ತದೆಯೇ ಹೊರತು ಈಗಾಗಲೇ ಪಟ್ಟಿಗೆ ಸೇರಿದ್ದನ್ನು ತೆಗೆಯುವುದಿಲ್ಲ. ಓದಲು ಬಿಡದಿದ್ದರೆ ಫೈಲ್ ಹೋಗಿದೆ ಎಂಬುದೂ ಗೂಗಲ್‌ಗೆ ತಿಳಿಯುವುದಿಲ್ಲ.

ಮೂಲದಲ್ಲಿ ಹೋದ ಮೇಲೂ ಹುಡುಕಾಟದಲ್ಲಿ ಹಳೇ ಸಾಲು ಕೆಲವು ದಿನ ಕಾಣುತ್ತದೆ. ಅದಕ್ಕೆ ಗೂಗಲ್‌ನ 'ರಿಫ್ರೆಶ್ ಔಟ್‌ಡೇಟೆಡ್ ಕಂಟೆಂಟ್' ಸಾಧನವಿದೆ. ಪುಟವೇ ಹೋಗಿದ್ದರೆ ವಿಳಾಸ ಅಂಟಿಸಿ ಕಳಿಸಿದರೆ ಮುಗಿಯಿತು. ಪುಟ ಇದ್ದು ನಿಮ್ಮ ವಿವರ ಮಾತ್ರ ಹೋಗಿದ್ದರೆ, ಮೊದಲು ಇದ್ದು ಈಗ ಇಲ್ಲದ ಒಂದು ಪದವನ್ನು ಕೇಳುತ್ತದೆ. ಅಲ್ಲಿ ಹೆಸರಿಗಿಂತ ಫೋನ್ ನಂಬರ್ ಕೊಡುವುದು ಒಳ್ಳೆಯದು. ಹೆಸರು ಪುಟದ ಬೇರೊಂದು ಮೂಲೆಯಲ್ಲಿ ಉಳಿದಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ. ಈ ಸಾಧನ ಬಳಸಲು ನೀವು ಸೈಟ್ ಮಾಲೀಕರಾಗಿರಬೇಕಿಲ್ಲ. ಗೂಗಲ್ ಕೊಟ್ಟ ಸಾಧನಗಳಲ್ಲಿ ಇದರಷ್ಟು ನಂಬಿಕೆಗೆ ಅರ್ಹವಾದದ್ದು ಇನ್ನೊಂದಿಲ್ಲ.

ಸೈಟ್‌ನವರು ಉತ್ತರವನ್ನೇ ಕೊಡದಿದ್ದಾಗ ಬೇಕಾಗುವುದು ವೈಯಕ್ತಿಕ ಮಾಹಿತಿ ತೆಗೆಸುವ ಫಾರ್ಮ್. ಫಲಿತಾಂಶದ ಪಕ್ಕದ ಮೂರು ಚುಕ್ಕಿ ಒತ್ತಿದರೆ ತೆಗೆಸುವ ಆಯ್ಕೆ ಸಿಗುತ್ತದೆ. ಗೂಗಲ್‌ನ ಸಹಾಯ ಪುಟದಿಂದಲೂ ಹೋಗಬಹುದು. ಗೂಗಲ್ ಆ್ಯಪ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿದಾಗ 'ರಿಸಲ್ಟ್ಸ್ ಅಬೌಟ್ ಯೂ' ಎಂದು ಕಂಡರೆ, ಕಳಿಸಿದ ಅರ್ಜಿ ಎಲ್ಲಿಗೆ ಬಂತು ಎಂದು ನೋಡಲು ಅದು ಅನುಕೂಲ. ಮನೆ ವಿಳಾಸ, ಫೋನ್, ಇಮೇಲ್, ಬ್ಯಾಂಕ್ ಖಾತೆ ಸಂಖ್ಯೆ, ಸಹಿಯ ಅಥವಾ ಗುರುತಿನ ಚೀಟಿಯ ಚಿತ್ರ, ವೈದ್ಯಕೀಯ ದಾಖಲೆ ಇವಕ್ಕೆಲ್ಲ ಅರ್ಜಿ ಹಾಕಬಹುದು. ಆಧಾರ್ ಕಾರ್ಡಿನ ಸ್ಕ್ಯಾನ್ ಹೊರಗೆ ಬಿದ್ದಿದ್ದರೆ ಸೈಟ್‌ನವರ ಉತ್ತರಕ್ಕೆ ಕಾಯಬೇಡಿ. ಮೂಲ ಮೊದಲು ಎಂಬ ಕ್ರಮವನ್ನು ಅಲ್ಲಿ ಬದಿಗಿಟ್ಟು ಅದೇ ದಿನ ಈ ಫಾರ್ಮ್ ತುಂಬಿ.

ಫಾರ್ಮ್ ತುಂಬುವಾಗ ಪುಟದ ವಿಳಾಸ ಮತ್ತು ಹುಡುಕಾಟದ ಪುಟದ ವಿಳಾಸ ಎರಡೂ ಬೇರೆ ಎಂಬುದು ನೆನಪಿರಲಿ. ಮೊಬೈಲ್‌ನ ಗೂಗಲ್ ಆ್ಯಪ್‌ನಲ್ಲಿ 'ಶೇರ್' ಒತ್ತಿ ಸಿಗುವುದು ಗೂಗಲ್ಲೇ ಮಾಡಿಕೊಟ್ಟ ಚಿಕ್ಕ ಲಿಂಕ್, ಅದು ನಡೆಯುವುದಿಲ್ಲ. ಪುಟವನ್ನು ಕ್ರೋಮ್‌ನಲ್ಲಿ ತೆರೆದು ಮೇಲಿನ ಪಟ್ಟಿಯಿಂದ ಪೂರ್ತಿ ವಿಳಾಸ ನಕಲಿಸಬೇಕು. ಚಿತ್ರವಾದರೆ ಚಿತ್ರದ ವಿಳಾಸ ಬೇರೆ, ಅದಿರುವ ಪುಟದ ವಿಳಾಸ ಬೇರೆ. ಹುಡುಕಿದ ಪದಗಳ ಕಾಲಂನಲ್ಲಿ ಹೆಸರಿನ ಎಲ್ಲ ರೂಪಗಳನ್ನೂ ಬರೆಯಿರಿ. ಏಕೆಂದರೆ ಗೂಗಲ್ ಎರಡು ಥರ ಒಪ್ಪುತ್ತದೆ: ಏನೇ ಹುಡುಕಿದರೂ ಆ ಪುಟ ಬಾರದಂತೆ ತೆಗೆಯುವುದು ಒಂದು, ನಿಮ್ಮ ಹೆಸರಿನಿಂದ ಹುಡುಕಿದಾಗ ಮಾತ್ರ ಬಾರದಂತೆ ಮಾಡುವುದು ಇನ್ನೊಂದು. ಒಂದೇ ಪುಟದಲ್ಲಿ ಹತ್ತಾರು ಜನರ ಹೆಸರಿದ್ದರೆ ಎರಡನೆಯದನ್ನೇ ನಿರೀಕ್ಷಿಸಿ. 'ಅರ್ಜಿ ಒಪ್ಪಿದ್ದೇವೆ' ಎಂಬ ಮೇಲ್ ಬಂದ ನಂತರವೂ ಊರಿನ ಹೆಸರೋ ಫೋನ್ ನಂಬರೋ ಹಾಕಿದಾಗ ಅದೇ ಪುಟ ಕಾಣುವುದು ಈ ಕಾರಣಕ್ಕೆ.

ತಿರಸ್ಕಾರವಾಗುವುದಕ್ಕೂ ಕಾರಣಗಳಿವೆ. ಸರ್ಕಾರಿ ಮತ್ತು ಶಿಕ್ಷಣ ಸಂಸ್ಥೆಗಳ ತಾಣ, ಪತ್ರಿಕೆಗಳ ತಾಣ ಇವುಗಳಲ್ಲಿ ಸಾರ್ವಜನಿಕರಿಗೆ ಉಪಯುಕ್ತ ಎಂದು ಗೂಗಲ್ ಭಾವಿಸಿದ್ದನ್ನು ತೆಗೆಯುವುದಿಲ್ಲ. ವ್ಯಾಪಾರದ ಪುಟದಲ್ಲಿರುವ ನಂಬರ್‌ಗೂ ಅದೇ ಉತ್ತರ. ದುರ್ಗದಬೈಲಿನ ಅಂಗಡಿಯಾಗಲಿ, ಸಪ್ತಾಪುರದ ಪಿಜಿಯಾಗಲಿ, ಮಾಲೀಕರ ಸ್ವಂತ ಮೊಬೈಲೇ ಬೋರ್ಡಿನ ಮೇಲೂ ಇದ್ದರೆ ಗೂಗಲ್ ಅದನ್ನು ಅಂಗಡಿಯ ನಂಬರ್ ಎಂದೇ ಎಣಿಸುತ್ತದೆ. ಇದಕ್ಕೆ ಫಾರ್ಮ್ ಮದ್ದಲ್ಲ. ಅಂಗಡಿಗೆ ಬೇರೆ ಸಿಮ್ ತಂದು, ಡೈರೆಕ್ಟರಿಗಳ ಲಿಸ್ಟಿಂಗನ್ನು ನಮ್ಮದೇ ಎಂದು ಕ್ಲೇಮ್ ಮಾಡಿ ನಂಬರ್ ಬದಲಿಸುವುದೇ ದಾರಿ. ಮನೆಯಿಂದಲೇ ಟ್ಯೂಷನ್, ಹೊಲಿಗೆ, ಊಟದ ಡಬ್ಬಿ ನಡೆಸುವವರು ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ವಿಳಾಸ ತೋರಿಸುವ ಸ್ವಿಚ್ ಆಫ್ ಮಾಡಿ, ಸೇವೆ ಕೊಡುವ ಬಡಾವಣೆಗಳ ಹೆಸರು ಮಾತ್ರ ಇಡಬಹುದು. ಅಂಗಡಿ ಮುಚ್ಚಿದವರು 'ಶಾಶ್ವತವಾಗಿ ಮುಚ್ಚಿದೆ' ಎಂದು ಗುರುತು ಹಾಕಿದ ಮಾತ್ರಕ್ಕೆ ಮ್ಯಾಪಿನಿಂದ ಹೆಸರು ಹೋಗುವುದಿಲ್ಲ.

ಕಂಪನಿ ಮತ್ತು ಜಿಎಸ್‌ಟಿ ವಿವರಗಳದು ಬೇರೆ ಕಥೆ. ಕಾನೂನಿನ ಪ್ರಕಾರವೇ ಅವು ಬಹಿರಂಗ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿ ಸಂಖ್ಯೆ ಹಾಕಿದರೆ ವ್ಯವಹಾರದ ಮುಖ್ಯ ಸ್ಥಳದ ವಿಳಾಸ ಬರುತ್ತದೆ. ಮನೆಯನ್ನೇ ನೋಂದಾಯಿಸಿದವರಿಗೆ ಅದು ಮನೆ ವಿಳಾಸ. ಅಲ್ಲಿ ಕ್ಯಾಪ್ಚಾ ಇದೆ, ಗೂಗಲ್ ಒಳಗೆ ಹೋಗುವುದಿಲ್ಲ. ಗೂಗಲ್‌ನಲ್ಲಿ ಕಾಣುವುದು ಅದನ್ನು ನಕಲು ಮಾಡಿದ ಖಾಸಗಿ ತಾಣಗಳು. ಅಲ್ಲಿ ತೆಗೆಸುವ ಮೊದಲು ಮೂಲದಲ್ಲಿ ವಿಳಾಸ ಬದಲಾಗಬೇಕು: ಜಿಎಸ್‌ಟಿಗೆ ಕೋರ್ ತಿದ್ದುಪಡಿ, ಕಂಪನಿಯ ನೋಂದಾಯಿತ ಕಚೇರಿಗೆ ಐಎನ್‌ಸಿ-22 ಫಾರ್ಮ್. ಇಲ್ಲದಿದ್ದರೆ ಆ ತಾಣ ಮುಂದಿನ ಸಲ ಮಾಹಿತಿ ಎಳೆದುಕೊಂಡಾಗ ಹಳೇ ವಿಳಾಸವೇ ವಾಪಸ್ ಬರುತ್ತದೆ. ನಿಜವಾಗಿಯೂ ಗೋಕುಲ್ ರೋಡಿನಲ್ಲೋ ಅಮರಗೋಳದ ಎಪಿಎಂಸಿಯಲ್ಲೋ ಜಾಗ ಇದ್ದವರಿಗೆ ಮಾತ್ರ ಈ ಸಲಹೆ. ಕಾಗದದ ಮೇಲಷ್ಟೇ ವಿಳಾಸ ಬದಲಿಸುವುದು ಬೇರೆ ತೊಂದರೆಗೆ ಹಾದಿ.

ತೆಗೆಯಲು ಹಣ ಕೇಳುವ ತಾಣಗಳೂ ಉಂಟು. ಕೊಡಬೇಡಿ. ಮಾಹಿತಿ ಹಾಕಿ, ತೆಗೆಯಲು ದುಡ್ಡು ಕೇಳುವ ತಾಣಗಳಿಗೆಂದೇ ಗೂಗಲ್‌ನಲ್ಲಿ ಪ್ರತ್ಯೇಕ ವರ್ಗ ಇದೆ. ಹಣ ಕೇಳಿದ ಪುಟದ ಸ್ಕ್ರೀನ್‌ಶಾಟ್ ಹಚ್ಚಿ ಅಲ್ಲಿ ಅರ್ಜಿ ಹಾಕಿ. ಗುರುತಿಗೆ ಆಧಾರ್ ಪ್ರತಿ ಕಳಿಸಿ ಎನ್ನುವವರೂ ಇದ್ದಾರೆ. ಫೋನ್ ನಂಬರ್ ತೆಗೆಸಲು ಹೋಗಿ ಆಧಾರ್ ಕೊಟ್ಟು ಬರುವುದು ಮೂರ್ಖತನ. ಕೊಡಲೇಬೇಕಾದ ಸಂದರ್ಭ ಬಂದರೆ ಆಧಾರ್ ಪ್ರಾಧಿಕಾರದ (ಯುಐಡಿಎಐ) ತಾಣದಿಂದ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಂಡು ಕೊಡಿ.

ಇನ್ನು ಟ್ರೂಕಾಲರ್. ಆ್ಯಪನ್ನು ಫೋನಿನಿಂದ ತೆಗೆದುಹಾಕಿದರೆ ಹೆಸರು ಹೋಗುತ್ತದೆ ಎಂದು ನಂಬಿದವರೇ ಹೆಚ್ಚು. ಹೋಗುವುದಿಲ್ಲ. ಮೊದಲು ಸೆಟ್ಟಿಂಗ್ಸ್, ಪ್ರೈವಸಿ ಸೆಂಟರ್, ಡಿಆ್ಯಕ್ಟಿವೇಟ್. ಆಮೇಲೆ ಆ್ಯಪ್ ಅಳಿಸಬೇಕು. ಕೊನೆಗೆ ಅವರ ವೆಬ್‌ಸೈಟಿನಲ್ಲಿ, ಪಟ್ಟಿಯಿಂದ ನಂಬರ್ ತೆಗೆಸುವ ಅನ್‌ಲಿಸ್ಟಿಂಗ್ ಪುಟದಲ್ಲಿ ಪ್ಲಸ್ 91 ಸೇರಿಸಿ ನಂಬರ್ ಕೊಡಬೇಕು. ಖಾತೆ ಚಾಲ್ತಿಯಲ್ಲಿದ್ದರೆ ಅನ್‌ಲಿಸ್ಟ್ ಆಗುವುದಿಲ್ಲ. ಸಾಮಾನ್ಯವಾಗಿ 24 ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಟ್ರೂಕಾಲರ್ ಎಂದೂ ಬಳಸದವರೂ ಅನ್‌ಲಿಸ್ಟ್ ಮಾಡಿಸಬಹುದು, ಮನೆಯ ಹಿರಿಯರ ನಂಬರ್‌ಗೆ ಇದು ಉಪಯೋಗ. ಅದೇ ನಂಬರಿನಿಂದ ಮತ್ತೆ ಖಾತೆ ತೆರೆದರೆ ಹೆಸರು ಮತ್ತೆ ಕಾಣುತ್ತದೆ. ಕೊರತೆ ಎಂದರೆ, ಆ್ಯಪ್ ಬಳಸುತ್ತಲೇ ತನ್ನ ಹೆಸರನ್ನು ಮರೆಮಾಡುವ ದಾರಿ ಇದರಲ್ಲಿಲ್ಲ, ಎರಡರಲ್ಲೊಂದು ಆರಿಸಬೇಕು. ಟೆಲಿಕಾಂ ಕಂಪನಿಗಳೇ ಸಿಮ್ ದಾಖಲೆಯಲ್ಲಿರುವ ಹೆಸರು ತೋರಿಸುವ ಸಿಎನ್‌ಎಪಿ, 2024ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಶಿಫಾರಸು ಮಾಡಿದ್ದು, ಬೇರೆಯೇ ವ್ಯವಸ್ಥೆ. ಟ್ರೂಕಾಲರ್ ಅನ್‌ಲಿಸ್ಟಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ.

ಕಾನೂನಿನ ಬಲ ಎಷ್ಟು? ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದ್ದು, ಸೆಕ್ಷನ್ 12ರಲ್ಲಿ ಅಳಿಸಿಕೊಳ್ಳುವ ಹಕ್ಕಿದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಆದರೆ ಈ ಹಕ್ಕು ಜಾರಿಗೆ ಬರುವುದು ಅದಾದ 18 ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ. ಆಗಲೂ ಸೆಕ್ಷನ್ 3ರ ಒಂದು ಸಾಲು ಗಮನದಲ್ಲಿರಲಿ: ನೀವೇ ಬಹಿರಂಗಪಡಿಸಿದ್ದು ಅಥವಾ ಕಾನೂನಿನ ಕಟ್ಟುಪಾಡಿನಿಂದ ಬಹಿರಂಗವಾದದ್ದು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಫೇಸ್‌ಬುಕ್‌ನಲ್ಲಿ ನೀವೇ ಹಾಕಿದ ನಂಬರ್ ಈ ವಿನಾಯಿತಿಯಲ್ಲಿ ಸೇರುತ್ತದೆ, ಸಮಾಜದವರು ನಿಮ್ಮನ್ನು ಕೇಳದೆ ಏರಿಸಿದ ವಧು-ವರರ ಪುಸ್ತಕ ಸೇರುವುದಿಲ್ಲ. ಇವತ್ತಿಗೆ ಕೈಯಲ್ಲಿರುವುದು 2021ರ ಐಟಿ ನಿಯಮಗಳು. ಬೇರೆಯವರು ಹಾಕಿದ್ದನ್ನು ಇಟ್ಟುಕೊಳ್ಳುವ ತಾಣದ ಕುಂದುಕೊರತೆ ಅಧಿಕಾರಿ 24 ಗಂಟೆಯೊಳಗೆ ದೂರಿನ ಸ್ವೀಕೃತಿ ಕೊಡಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಆನ್‌ಲೈನಿನಲ್ಲೇ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. ದೂರಿನಲ್ಲಿ 'ನನ್ನ ಖಾಸಗಿತನಕ್ಕೆ ಧಕ್ಕೆ' ಎಂಬ ಕಾರಣ, ಪೂರ್ತಿ ವಿಳಾಸ, ದಿನಾಂಕ ಕಾಣುವ ಸ್ಕ್ರೀನ್‌ಶಾಟ್ ಈ ಮೂರು ಇರಲಿ. ಬೆದರಿಕೆ ಅಥವಾ ಹಣದ ಮೋಸ ಸೇರಿಕೊಂಡಿದ್ದರೆ ಈ ಫಾರ್ಮ್‌ಗಳಲ್ಲಿ ಕಾಲ ಕಳೆಯಬೇಡಿ: ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಥವಾ ಅವಳಿನಗರದ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಿ. ಪುಟವನ್ನು ತೆಗೆಸುವ ಮೊದಲು ಸಾಕ್ಷ್ಯ ಉಳಿಸಿಕೊಂಡಿರಬೇಕು.

ಮಕ್ಕಳು ಅಮೆರಿಕದಲ್ಲಿರುವ ಮನೆಗಳು ಧಾರವಾಡದಲ್ಲಿ ಬಹಳ. ಆ ಹಣದ ಸೇವೆಗಳು ಅರ್ಥ ಪಡೆಯುವುದು ಅಲ್ಲಿರುವ ಮಕ್ಕಳಿಗೆ. ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೈಯಾರೆ ಅರ್ಜಿ ಹಾಕಿದಾಗ ಶೇ 70ರಷ್ಟು ಮಾಹಿತಿ ಹೋಯಿತು. ಸೇವೆಗಳಲ್ಲಿ ಆಪ್ಟರಿ ಶೇ 68, ಈಸಿಆಪ್ಟ್‌ಔಟ್ಸ್ ಶೇ 65. ದುಬಾರಿಯಾದ ಕೆಲವು ಇವಕ್ಕಿಂತ ಎಷ್ಟೋ ಹಿಂದೆ ಬಿದ್ದವು. ಬೆಲೆ ನೋಡಿ ಗುಣ ಅಳೆಯುವಂತಿಲ್ಲ. ಆ ಅಮೆರಿಕದ ತಾಣಗಳಲ್ಲಿ ಕೈಯಾರೆ ತೆಗೆಸುವುದಾದರೆ, ಸ್ಪೋಕಿಯೋದಲ್ಲಿ ಪ್ರೊಫೈಲಿನ ವಿಳಾಸ ಕೊಟ್ಟು ಇಮೇಲ್ ದೃಢೀಕರಿಸಿದರೆ ಸಾಕು. ವೈಟ್‌ಪೇಜಸ್ ಫೋನ್ ಕರೆಯ ಮೂಲಕ ಕೋಡ್ ಪರಿಶೀಲಿಸುತ್ತದೆ. ಕೆಲವು ತಾಣಗಳು ಅಮೆರಿಕದ ಹೊರಗಿನಿಂದ ತೆರೆಯುವುದೇ ಇಲ್ಲ. ಹಾಗಾಗಿ ಇಲ್ಲಿಂದ ತಂದೆ-ತಾಯಿ ಮಾಡಿಕೊಡುವುದಕ್ಕಿಂತ ಮಕ್ಕಳೇ ಅಲ್ಲಿ ಕುಳಿತು ಮಾಡುವುದು ಸುಲಭ. ಅವರು ಕ್ಯಾಲಿಫೋರ್ನಿಯಾದ ನಿವಾಸಿಗಳಾದರೆ ಹಣದ ಸೇವೆಗಿಂತ ಮೊದಲು ಆ ರಾಜ್ಯದ್ದೇ ಉಚಿತ 'ಡ್ರಾಪ್' ವ್ಯವಸ್ಥೆಯಲ್ಲಿ ಒಂದೇ ಅರ್ಜಿ ಹಾಕಲಿ. 2026ರ ಜನವರಿಯಲ್ಲಿ ಅದು ತೆರೆಯಿತು. ಅಲ್ಲಿ ನೋಂದಾಯಿತ ಡೇಟಾ ಬ್ರೋಕರ್‌ಗಳೆಲ್ಲ (ಜನರ ಮಾಹಿತಿ ಕೂಡಿಸಿ ಮಾರುವವರು) 2026ರ ಆಗಸ್ಟ್ 1ರಿಂದ 45 ದಿನಕ್ಕೊಮ್ಮೆ ಅರ್ಜಿ ಹಾಕಿದವರ ಪಟ್ಟಿ ನೋಡಿ ಅಳಿಸಬೇಕೆಂಬುದು ನಿಯಮ.