ವಿಮಾನ ನಿಲ್ದಾಣಕ್ಕೆ ಎಂಬಿಆರ್ ಘಟಕ: ಕೊಳ್ಳುವ ಮುನ್ನ ನೋಡಬೇಕಾದ್ದು

ಟರ್ಮಿನಲ್‌ನ ಕೊಳಚೆ ನೀರನ್ನು ಶುದ್ಧೀಕರಿಸಿ ಮತ್ತೆ ಫ್ಲಷ್‌ಗೆ, ಗಿಡಗಳಿಗೆ, ಕೂಲಿಂಗ್ ಟವರ್‌ಗೆ ಕೊಡಲು ಮೆಂಬ್ರೇನ್ ಬಯೋರಿಯಾಕ್ಟರ್ (ಎಂಬಿಆರ್) ಒಳ್ಳೆಯ ಘಟಕ. ಇದರಲ್ಲಿ ಬ್ಯಾಕ್ಟೀರಿಯಾ ಕೊಳೆಯನ್ನು ತಿನ್ನುತ್ತವೆ, ಸೂಕ್ಷ್ಮ ರಂಧ್ರದ ಪೊರೆ (ಮೆಂಬ್ರೇನ್) ನೀರನ್ನು ಸೋಸುತ್ತದೆ. ಹೊರಬರುವ ನೀರಿನ ಬಗ್ಗೆ ದೂರು ಹೇಳುವಂತಿಲ್ಲ: ಟರ್ಬಿಡಿಟಿ (ನೀರಿನ ಮಬ್ಬು, ಎನ್‌ಟಿಯುನಲ್ಲಿ ಅಳೆಯುತ್ತಾರೆ) ಸಾಮಾನ್ಯವಾಗಿ 1 ಎನ್‌ಟಿಯು ಒಳಗೇ ಇರುತ್ತದೆ. ಗಾಳಿ ಊದುವ ಏರೇಷನ್ ಟ್ಯಾಂಕಿನಲ್ಲಿ ಲೀಟರಿಗೆ 8,000ದಿಂದ 12,000 ಮಿ.ಗ್ರಾಂ ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಇಟ್ಟು ನಡೆಸಬಹುದು. ಹಳೆಯ ಪದ್ಧತಿಯಲ್ಲಿ 3,000–4,000 ದಾಟಿದರೆ ಆ ಕೆಸರನ್ನು ತಳಕ್ಕೆ ಕೂರಿಸುವ ಸೆಟ್ಲಿಂಗ್ ಟ್ಯಾಂಕ್ ಕೈಕೊಡುತ್ತದೆ. ಇಲ್ಲಿ ಆ ಟ್ಯಾಂಕೇ ಬೇಡ. ಜಾಗ ಉಳಿಯುತ್ತದೆ, ಪೂರ್ತಿ ಮುಚ್ಚಿ ಕಟ್ಟಲೂಬಹುದು. ರನ್‌ವೇ ಹತ್ತಿರ ತೆರೆದ ನೀರು ಹಕ್ಕಿಗಳನ್ನು ಕರೆಯುತ್ತದೆ ಎಂಬುದನ್ನು ನೆನೆದರೆ ಇದು ಸಣ್ಣ ಲಾಭವಲ್ಲ.

ತೊಂದರೆ ಶುರುವಾಗುವುದು ಊರಿನ ಕೊಳಚೆಗೆಂದು ಮಾಡಿದ ಲೆಕ್ಕವನ್ನೇ ಇಲ್ಲಿಗೂ ತಂದಾಗ. ಮನೆಗಳಲ್ಲಿ ಸ್ನಾನದ, ಬಟ್ಟೆ ಒಗೆದ ನೀರು ಸೇರಿ ಕೊಳಚೆ ತೆಳುವಾಗುತ್ತದೆ. ಟರ್ಮಿನಲ್‌ನಲ್ಲಿ ಅದು ಬಹುತೇಕ ಇಲ್ಲ, ಮೂತ್ರದ ಪಾಲೇ ಹೆಚ್ಚು. ನೀರು ಉಳಿಸುವ ಯೂರಿನಲ್, ನಲ್ಲಿಗಳನ್ನು ಹಾಕಿದಷ್ಟೂ ಅಮೋನಿಯ ಇನ್ನೂ ಗಾಢವಾಗುತ್ತದೆ. ಈ ಅಮೋನಿಯವನ್ನು ಬ್ಯಾಕ್ಟೀರಿಯಾ ನೈಟ್ರೇಟ್ ಆಗಿ ಮಾರ್ಪಡಿಸಬೇಕು (ನೈಟ್ರಿಫೈ). 1 ಗ್ರಾಂ ಅಮೋನಿಯ ನೈಟ್ರೋಜನ್ ನೈಟ್ರೇಟ್ ಆಗಲು, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, 7.14 ಗ್ರಾಂ ಕ್ಷಾರತೆ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಕರಗಿಹೋಗುತ್ತದೆ. ಲೀಟರಿಗೆ 80 ಮಿ.ಗ್ರಾಂ ಅಮೋನಿಯ ನೈಟ್ರೋಜನ್ ಇದ್ದರೆ ಸುಮಾರು 570 ಮಿ.ಗ್ರಾಂ ಕ್ಷಾರತೆ ಬೇಕು. ಅಷ್ಟು ಇಲ್ಲದಿದ್ದರೆ ಪಿಎಚ್ ಕುಸಿದು ನೈಟ್ರಿಫೈ ಮಾಡುವ ಬ್ಯಾಕ್ಟೀರಿಯಾ ನಿಂತೇಹೋಗುತ್ತವೆ, ಆಪರೇಟರ್ ಮಾತ್ರ ಗಾಳಿ ಸಾಲದೆಂದುಕೊಂಡು ಬ್ಲೋವರ್ ಜಾಸ್ತಿ ಮಾಡುತ್ತಲೇ ಇರುತ್ತಾನೆ. ಗಾಳಿ ಊದದ ಅನಾಕ್ಸಿಕ್ ಟ್ಯಾಂಕ್ ಇದ್ದರೆ, ಅಲ್ಲಿ ನೈಟ್ರೇಟ್ ಎಷ್ಟು ಕಳೆಯುತ್ತದೋ ಅದರ ಮಟ್ಟಿಗೆ ಅರ್ಧ ಕ್ಷಾರತೆ ವಾಪಸ್ ಬರುತ್ತದೆ. ಆ ಟ್ಯಾಂಕ್ ಇಲ್ಲದ ಘಟಕವನ್ನು ಬೆಲೆ ಕಡಿಮೆಯೆಂದು ತರಬೇಡಿ. ಉಳಿದ ಕೊರತೆಗೆ ಸೋಡಿಯಂ ಬೈಕಾರ್ಬೊನೇಟ್ ಡೋಸಿಂಗ್ ಪಂಪ್ ಬೇಕೇ ಬೇಕು.

ವಿಮಾನದ ಟಾಯ್ಲೆಟ್ ಟ್ಯಾಂಕಿನಿಂದ ಬರುವ ಕೊಳಚೆ ಬೇರೆಯದೇ ಕಥೆ. ಅದರ ದ್ರಾವಣದಲ್ಲಿರುವ ಕ್ವಾಟರ್ನರಿ ಅಮೋನಿಯಂ ಸೋಂಕುನಾಶಕ ಅದೇ ಬ್ಯಾಕ್ಟೀರಿಯಾಗಳಿಗೆ ವಿಷ. ಲಾರಿಯಿಂದ ನೇರ ಸುರಿಯದೆ, ಪ್ರತ್ಯೇಕ ಟ್ಯಾಂಕಿನಲ್ಲಿಟ್ಟು ದಿನವಿಡೀ ಸ್ವಲ್ಪಸ್ವಲ್ಪವಾಗಿ ಬಿಡಬೇಕು.

ಮೆಂಬ್ರೇನ್ ಕಟ್ಟಿಕೊಳ್ಳುವುದು ಹೆಚ್ಚಾಗಿ ಕೂದಲು ಮತ್ತು ಜಿಡ್ಡಿನಿಂದ. ಟೊಳ್ಳು ನಾರಿನ ಮೆಂಬ್ರೇನ್ (ಹಾಲೋ ಫೈಬರ್) ಆದರೆ 1–2 ಮಿ.ಮೀ. ಜರಡಿ ಹಾಕಿಸಿ, ದುಂಡು ತೂತಿನದೇ ಇರಲಿ. ಸೀಳಿನ ಜರಡಿಯಲ್ಲಿ ಕೂದಲು ಉದ್ದಕ್ಕೆ ನುಸುಳಿ ನಾರುಗಳಿಗೆ ಜಡೆ ಹೆಣೆಯುತ್ತದೆ. ಫುಡ್ ಕೋರ್ಟಿನ ಪ್ರತಿ ಅಡುಗೆಮನೆಗೂ ಗ್ರೀಸ್ ಟ್ರ್ಯಾಪ್ ಇರಬೇಕು. ಮೇಲಿನ ಜಿಡ್ಡು, ಕೆಳಗಿನ ಕೆಸರು ಸೇರಿ ಆಳದ ಕಾಲು ಭಾಗ ತುಂಬುವ ಮುನ್ನ ಖಾಲಿ ಮಾಡಿಸಬೇಕು.

ಮೆಂಬ್ರೇನ್‌ಗೆ ಸಾಮಾನ್ಯವಾಗಿ ವಾರಕ್ಕೊಮ್ಮೆ ಲೀಟರಿಗೆ 200–500 ಮಿ.ಗ್ರಾಂ ಹೈಪೋಕ್ಲೋರೈಟ್ (ಬ್ಲೀಚ್) ತೊಳೆತ ಕೊಡುತ್ತಾರೆ. ಸುಣ್ಣದ ಪೊರೆಗೆ ಸಿಟ್ರಿಕ್ ಆಮ್ಲ. ಎರಡರ ನಡುವೆ ನೀರಿನಿಂದ ಚೆನ್ನಾಗಿ ತೊಳೆಯಲೇಬೇಕು. ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ.

ಈ ನೀರು ಕೂಲಿಂಗ್ ಟವರ್‌ಗೆ ಹಾಗೇ ಆಗುತ್ತದೆ ಎಂಬ ಮಾರಾಟಗಾರರ ಮಾತನ್ನು ಅರ್ಧ ಮಾತ್ರ ನಂಬಬೇಕು. ಎಂಬಿಆರ್ ಕರಗಿದ ಲವಣ ತೆಗೆಯುವುದಿಲ್ಲ. ಲವಣ ಹೆಚ್ಚಾಗಿ ಸಾಂದ್ರತೆಯ ಸುತ್ತು (ಟವರ್ ನೀರಿನ ಲವಣ ಎಷ್ಟು ಪಟ್ಟು ಗಾಢವಾಗಲು ಬಿಡಬಹುದು ಎಂಬ ಲೆಕ್ಕ) 6ರಿಂದ 3ಕ್ಕೆ ಇಳಿದರೆ, ಆವಿಯಾದ 1 ಲೀಟರಿಗೆ 1.2 ಲೀಟರ್ ಬದಲು 1.5 ಲೀಟರ್ ತುಂಬಬೇಕಾಗುತ್ತದೆ. ಉಳಿದ ಅಮೋನಿಯ ಚಿಲ್ಲರ್‌ನ ತಾಮ್ರದ ಕೊಳವೆ ತಿನ್ನುತ್ತದೆ, ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿ ಪದರ ಕಟ್ಟುತ್ತದೆ. ಹಾಗಾಗಿ ಮೊದಲ ಪಾಲು ಫ್ಲಷ್‌ಗೆ ಹೋಗಲಿ, ಟವರ್‌ಗೆ ಎಸಿ ಘಟಕಗಳಲ್ಲಿ ಹನಿಗಟ್ಟುವ ನೀರು (ಕಂಡೆನ್ಸೇಟ್) ಬೆರೆಸಿ ಕೊಡಿ. ಅದರಲ್ಲಿ ಲವಣ ಇಲ್ಲವೆಂಬಷ್ಟು ಕಡಿಮೆ.

ಒಪ್ಪಂದಕ್ಕೆ ಮುನ್ನ ಒಂದು ಪ್ರಶ್ನೆ ಕೇಳಿ: ಒಂದು ಮೆಂಬ್ರೇನ್ ಸಾಲು ತೊಳೆತಕ್ಕೆ ನಿಂತಿರುವಾಗ, ವಿಮಾನಗಳು ಒಟ್ಟಿಗೆ ಇಳಿದ ಹೊತ್ತಿನ ಹರಿವನ್ನು ಉಳಿದ ಸಾಲುಗಳು ತಾಳುತ್ತವೆಯೇ? ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.