ಗಿಡ ಮೂರು ಪಟ್ಟು, ಯೂರಿಯಾ ಐದು ಚೀಲ, ಕಾಯಿ ಅರ್ಧ

ಬ್ಯಾಡಗಿ ಮೆಣಸಿನ ಸಸಿ ನಾಟಿ ಮಾಡಲು ಹೊರಟವರು ಇದನ್ನು ಓದಿಯೇ ಹೊಲಕ್ಕೆ ಇಳಿಯಿರಿ. ಕಳೆದ ಹಂಗಾಮಿನಲ್ಲಿ ಒಂದು ಎಕರೆ ಎರೆಹೊಲವನ್ನು ನಾನು ಕೈಯಾರೆ ಕೆಡಿಸಿಕೊಂಡೆ.

ಮಳೆಯಾಶ್ರಿತ ಬ್ಯಾಡಗಿಗೆ ನಮ್ಮಲ್ಲಿ ಬಿಡುವುದು ಎರಡೂವರೆ ಅಡಿ ಅಂತರ, ಉದ್ದಕ್ಕೂ ಅಡ್ಡಕ್ಕೂ. ಎಕರೆಗೆ ಸುಮಾರು 7,000 ಗಿಡ. ಅಷ್ಟು ಜಾಗ ಖಾಲಿ ಏಕೆ ಎಂದುಕೊಂಡ ನಾನು ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದೇ ಅಡಿ ಬಿಟ್ಟು 21,000ಕ್ಕೂ ಹೆಚ್ಚು ಸಸಿ ಊರಿಸಿದೆ. "ಗಿಡ ಮೂರು ಪಟ್ಟು ಎಂದ ಮೇಲೆ ಎರಡು ಚೀಲ ಯೂರಿಯಾ ಯಾವ ಮೂಲೆಗೆ ಸಾಲುತ್ತದೆ?" ಎಂದರು ಗೊಬ್ಬರದ ಅಂಗಡಿಯವರು. ಲೆಕ್ಕ ಸರಿ ಎನಿಸಿತು, ಐದು ಚೀಲ ಸುರಿದೆ. ಶಿಫಾರಸು ಹೆಕ್ಟೇರಿಗೆ 100 ಕಿಲೊ ಸಾರಜನಕ, ಅಂದರೆ ಎಕರೆಗೆ 40 ಕಿಲೊ, ಎರಡು ಚೀಲ ಯೂರಿಯಾದಲ್ಲೇ ಅಷ್ಟು ಸಿಗುತ್ತದೆ. ತಲಾ 45 ಕಿಲೊದ ಐದು ಚೀಲ ಯೂರಿಯಾದಲ್ಲಿ ಸಾರಜನಕವೇ 100 ಕಿಲೊ ದಾಟುತ್ತದೆ. ಗಿಡ ಎಷ್ಟೇ ಇರಲಿ, ಎಕರೆಗೆ ಬೀಳುವ ಬಿಸಿಲು, ನೆಲದಲ್ಲಿರುವ ತೇವ ಅಷ್ಟೇ ಎಂಬುದು ಆಗ ಹೊಳೆಯಲಿಲ್ಲ.

ಹೊಲ ಕಡುಹಸಿರಾಗಿ ತುಂಬಿದಾಗ ದಾರಿಹೋಕರೆಲ್ಲ ನಿಂತು ನೋಡುತ್ತಿದ್ದರು. ಬದುವಿನಾಚೆಯ ಕಾಕಾ ಮಾತ್ರ, "ತಮ್ಮಾ, ಇದು ಮೆಣಸಿನಕಾಯಿಯೋ, ದನದ ಮೇವೋ?" ಎಂದ. ಸಿಟ್ಟು ಬಂತು. ಆಮೇಲೆ ಬಗ್ಗಿ ಎರಡು ಗಿಡ ಸರಿಸಿ ನೋಡಿದರೆ, ಮಧ್ಯಾಹ್ನವಾದರೂ ಬುಡದ ನೆಲ ಒದ್ದೆ, ಅದರ ಮೇಲೆಲ್ಲ ಉದುರಿದ ಬಿಳಿ ಹೂವು. ಕೆಳಗಿನ ಎಲೆಗಳ ಹಿಂಬದಿಯಲ್ಲಿ ಬೂದಿ ರೋಗದ ಬಿಳುಪು. ತುದಿಯ ಎಳೆ ಎಲೆಗಳು ದೋಣಿಯಂತೆ ಮೇಲಕ್ಕೆ ಮಡಚಿದ್ದವು, ಥ್ರಿಪ್ಸ್ ನುಸಿಯ ಕೆಲಸ. ಔಷಧ ಹೊಡೆಯಲು ಕಾಲಿಡುವ ಜಾಗವಿಲ್ಲ. ಕಾಕಾನ ಹೊಲದಲ್ಲಿ ಸಾಲುಗಳ ನಡುವೆ ಕಳೆ ತೆಗೆಯುವ ಎಡೆಕುಂಟೆ ಉದ್ದಕ್ಕೂ ಅಡ್ಡಕ್ಕೂ ಓಡಿತ್ತು. ನನ್ನಲ್ಲಿ ಒಂದೊಂದು ಕಳೆಯನ್ನೂ ಕೂಲಿ ಕೊಟ್ಟು ಕೀಳಿಸಬೇಕಾಯಿತು.

ಅವನು ಎರಡನೇ ಸಲ ಹಣ್ಣು ಬಿಡಿಸುವಾಗಲೂ ನನ್ನ ಗಿಡಗಳು ಹೊಸ ಎಲೆ ಹೊರಡಿಸುತ್ತಲೇ ಇದ್ದವು. ಬಂದ ಕಾಯಿ ಮೋಟು, ಅರ್ಧಕ್ಕರ್ಧ ಕೊಳೆ ರೋಗದ ಚುಕ್ಕೆ. ಬ್ಯಾಡಗಿಗೆ ಬೆಲೆ ಬರುವುದು ಬಣ್ಣಕ್ಕೆ, ನೆರಿಗೆಗೆ. ಖರೀದಿದಾರರು ಒಂದು ಮುಷ್ಟಿ ಎತ್ತಿ ನೋಡಿ ಬಿಳಿಚಿದ್ದನ್ನು ಹಾಗೆಯೇ ಕೆಳಗೆ ಬಿಟ್ಟರು. ತೂಕ ಕಾಕಾನದರ ಅರ್ಧ, ಖರ್ಚು ಅವನ ದುಪ್ಪಟ್ಟು.

ಹನಿ ನೀರಾವರಿಯ ಹೈಬ್ರಿಡ್ ಮೆಣಸನ್ನು ಹತ್ತಿರ ಹತ್ತಿರ ನೆಡುತ್ತಾರೆ, ನಿಜ. ಅದನ್ನು ನೋಡಿ ಹರಡಿ ಬೆಳೆಯುವ ಬ್ಯಾಡಗಿಗೆ ಅನ್ವಯಿಸಬೇಡಿ. ಯೂರಿಯಾವನ್ನು ಕಂತು ಕಂತಾಗಿ, ಮಣ್ಣಿನಲ್ಲಿ ತೇವ ಇದ್ದಾಗ ಕೊಡಿ. ಅಂಗಡಿಗೆ ಹೋಗುವಾಗ ಎಕರೆಗೆ ಎಷ್ಟು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಗಿಡ ಎಷ್ಟಿವೆ ಎಂದು ಅಲ್ಲಿ ಬಾಯಿ ಬಿಡಬೇಡಿ.